ಟ್ಯಾಂಕ್ ಕೆಡವುವ ಮೊದಲು ಅದರ ಚರಿತ್ರೆ ಬರೆದಿಡಿ: ನನ್ನ ತವರೂರಿನ ಗ್ರಾಮ ಪಂಚಾಯಿತಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರಿಗೆ, ಸದಸ್ಯರಿಗೆ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ, ಊರಿನ ಹಿರಿಯರಿಗೆ ಮತ್ತು ನನ್ನ ಜೊತೆ ಕೊಡ ಹೊತ್ತ ಎಲ್ಲ ಅಕ್ಕತಂಗಿಯರಿಗೆ ನಮಸ್ಕಾರಗಳು.

ಈ ಊರಿನಲ್ಲಿ ಹುಟ್ಟಿ ಬೆಳೆದು, ಮದುವೆಯಾಗಿ ಬೇರೆ ಜಿಲ್ಲೆಗೆ ಹೋದ ಹೆಣ್ಣುಮಗಳು ನಾನು. ಅಲ್ಲಿ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದೇನೆ. ತಾಯಿ ಇಲ್ಲೇ ಇರುವುದರಿಂದ ವರ್ಷಕ್ಕೆ ಮೂರು ನಾಲ್ಕು ಸಲ ಬಂದು ಹೋಗುತ್ತೇನೆ. ಕಳೆದ ತಿಂಗಳು ಬಂದಾಗ, ಬಸ್ಸು ಇಳಿಯುತ್ತಿದ್ದಂತೆ, ಹನುಮಪ್ಪನ ಗುಡಿಯ ಹಿಂದಿನ ದಿಬ್ಬದ ಮೇಲಿರುವ ನೀರಿನ ಟ್ಯಾಂಕಿನ ಕಂಬಗಳ ಮೇಲೆ ಕೆಂಪು ಬಣ್ಣದಲ್ಲಿ ‘ಶಿಥಿಲವಾಗಿದೆ, ಕೆಳಗೆ ನಿಲ್ಲಬೇಡಿ’ ಎಂದು ಬರೆದಿರುವುದು ಕಣ್ಣಿಗೆ ಬಿತ್ತು. ಮರುದಿನ ಪಂಚಾಯಿತಿ ಕಚೇರಿಗೆ ಹೋಗಿ ವಿಚಾರಿಸಿದೆ. ಮಳೆಗಾಲಕ್ಕೆ ಮುಂಚೆ ಅದನ್ನು ಕೆಡವುತ್ತಾರಂತೆ. ಟ್ಯಾಂಕಿನ ಬಗ್ಗೆ ಕಚೇರಿಯಲ್ಲಿ ಏನೇನು ದಾಖಲೆ ಇದೆ ಎಂದು ಕೇಳಿದಾಗ ಆಸ್ತಿ ರಿಜಿಸ್ಟರನ್ನು ತೆಗೆದು ತೋರಿಸಿದಿರಿ. ಅದಕ್ಕೆ ನಾನು ಕೃತಜ್ಞಳು. ಆ ಪುಟದಲ್ಲಿ ಇದ್ದದ್ದು ಒಂದೇ ಸಾಲು: ‘ಮೇಲ್ಮಟ್ಟದ ಜಲಸಂಗ್ರಹಾಗಾರ, 50,000 ಲೀಟರ್, ಸಂಖ್ಯೆ 1, ಶಿಥಿಲ.’ ಕಟ್ಟಿದ ವರ್ಷದ ಕಾಲಂ ಖಾಲಿ. ವೆಚ್ಚದ ಕಾಲಂ ಖಾಲಿ. ಷರಾ ಎಂಬಲ್ಲಿ ಒಂದು ಅಡ್ಡಗೆರೆ.

ಆ ಖಾಲಿ ಕಾಲಂಗಳನ್ನು ನೋಡಿ ಬಂದ ಮೇಲೆ ಎರಡು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅದಕ್ಕಾಗಿ ಈ ಪತ್ರ.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಟ್ಯಾಂಕನ್ನು ಉಳಿಸಿಕೊಳ್ಳಿ ಎಂದು ಕೇಳಲು ನಾನು ಬಂದಿಲ್ಲ. ದಿಬ್ಬ ಹತ್ತಿ ನಾನೇ ನೋಡಿದ್ದೇನೆ. ಕಂಬಗಳನ್ನು ಒಂದಕ್ಕೊಂದು ಕಟ್ಟುವ ಅಡ್ಡತೊಲೆಗಳಲ್ಲಿ ಕಾಂಕ್ರೀಟು ಉದುರಿ ಕಬ್ಬಿಣದ ಸರಳು ಹೊರಗೆ ಕಾಣುತ್ತಿದೆ. ಸರಳಿಗೆ ತುಕ್ಕು ಹಿಡಿದರೆ ಅದು ಉಬ್ಬುತ್ತದೆ, ಉಬ್ಬಿದ ಸರಳು ಸುತ್ತಲಿನ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಹೊರಗೆ ಬಿರುಕು ಕಾಣುವ ಹೊತ್ತಿಗೆ ಒಳಗೆ ಕೆಲಸ ಮುಗಿದಿರುತ್ತದೆ. ತುಂಬಿದಾಗ ನೀರಿನ ಭಾರವೇ ಐವತ್ತು ಟನ್ ಆಗುವ ಟ್ಯಾಂಕು ಅದು. ಐವತ್ತು ಹೆಜ್ಜೆ ದೂರದಲ್ಲಿ ಶಾಲೆಯಿದೆ, ಮಕ್ಕಳು ಅದರ ನೆರಳಿನಲ್ಲಿಯೇ ಗೋಲಿ ಆಡುತ್ತಾರೆ. ಆದ್ದರಿಂದ ಕೆಡವಿ. ಆದರೆ ಕೆಡವುವ ಮೊದಲು ಆ ಒಂದು ಸಾಲಿನ ಜಾಗದಲ್ಲಿ ಅದರ ಚರಿತ್ರೆ ಬರಲಿ. ನನ್ನ ಬೇಡಿಕೆ ಇಷ್ಟೇ. ಆ ಚರಿತ್ರೆ ಎಷ್ಟು ದೊಡ್ಡದು ಎಂಬುದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ನೀವು ತಿದ್ದಿ, ಸೇರಿಸಿ.

ಟ್ಯಾಂಕಿಗೆ ಮುಂಚೆ ನಮಗೆ ಇದ್ದದ್ದು ಮೆಟ್ಟಿಲ ಬಾವಿ. ಈಗಿನ ಹುಡುಗರಿಗೆ ಅದು ಮುಳ್ಳುಕಂಟಿ ಬೆಳೆದ ಗುಂಡಿ ಮಾತ್ರ. ಆಗ ಇಡೀ ಊರು ಅದರ ಮೆಟ್ಟಿಲಿಳಿದು, ಕಾಲನ್ನು ನೀರಿನಲ್ಲಿಟ್ಟು, ಬಗ್ಗಿ ಕೊಡ ತುಂಬಿಕೊಂಡು ಬರುತ್ತಿತ್ತು. ನನ್ನ ಅಜ್ಜಿಯ ಬಲಗಾಲಿನ ಹರಡಿನ ಹತ್ತಿರ ರೂಪಾಯಿ ನಾಣ್ಯದಷ್ಟು ಅಗಲದ ಗುಳಿಬಿದ್ದ ಕಲೆಯಿತ್ತು. ಚಿಕ್ಕವಳಿದ್ದಾಗ ಅದರೊಳಗೆ ಬೆರಳಿಟ್ಟು ಇದೇನು ಎಂದು ಕೇಳುತ್ತಿದ್ದೆ. ‘ನಾರು ಹೊರಟ ಜಾಗ’ ಎನ್ನುತ್ತಿದ್ದಳು.

ನಾರುಹುಣ್ಣು ಎಂದರೆ ಏನೆಂದು ಈಗ ಊರಿನಲ್ಲಿ ನಲವತ್ತು ವರ್ಷ ದಾಟದವರಿಗೆ ಗೊತ್ತಿಲ್ಲ. ಅದು ಗೊತ್ತಿಲ್ಲದಿರುವುದೇ ಒಂದು ದೊಡ್ಡ ಗೆಲುವು. ಬಾವಿಯ ನೀರಿನಲ್ಲಿ ಕಣ್ಣಿಗೆ ಕಂಡೂ ಕಾಣದಂಥ ನೀರಿನ ಚಿಗಟಗಳಿರುತ್ತವೆ, ಅವುಗಳ ಹೊಟ್ಟೆಯಲ್ಲಿ ಈ ಹುಳುವಿನ ಮರಿ ಇರುತ್ತದೆ. ಸೋಸದೆ ಕುಡಿದವರ ಮೈಯೊಳಗೆ ಅದು ಸುಮಾರು ಒಂದು ವರ್ಷ ಬೆಳೆದು, ಮೊಳಗಟ್ಟಲೆ ಉದ್ದವಾಗಿ, ಕೊನೆಗೆ ಕಾಲಿನಲ್ಲಿ ಬೊಕ್ಕೆ ಎಬ್ಬಿಸಿ ಹೊರಗೆ ತಲೆ ಹಾಕುತ್ತದೆ. ಉರಿ ತಾಳಲಾರದೆ ಆ ಕಾಲನ್ನು ನೀರಿಗೆ ಇಟ್ಟರೆ ಹುಳು ತನ್ನ ಮರಿಗಳನ್ನು ಅಲ್ಲೇ ಬಿಡುತ್ತದೆ. ಕಾಲಿಟ್ಟು ನೀರು ತುಂಬುವ ಮೆಟ್ಟಿಲ ಬಾವಿ ಇರುವವರೆಗೂ ಈ ಚಕ್ರ ತಿರುಗುತ್ತಲೇ ಇತ್ತು. ಇದಕ್ಕೆ ಲಸಿಕೆಯಿಲ್ಲ, ಹುಳುವನ್ನು ಕೊಲ್ಲುವ ಮಾತ್ರೆಯಿಲ್ಲ. ಹೊರಬಂದ ತುದಿಯನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದಿಷ್ಟು, ತುಂಡಾಗದಂತೆ, ವಾರಗಟ್ಟಲೆ ಎಳೆಯಬೇಕು. ಅಜ್ಜಿ ಬಿತ್ತನೆಯ ಕಾಲದಲ್ಲಿ ಒಂದೂವರೆ ತಿಂಗಳು ಹೊರಸಿನ ಮೇಲೆ ಮಲಗಿದ್ದಳಂತೆ. ಆ ವರ್ಷ ನಮ್ಮ ಮನೆಯಲ್ಲಿ ಜೋಳ ಬಿತ್ತಲಿಲ್ಲ.

ಅಂದಿನ ರಾಯಚೂರು ಜಿಲ್ಲೆಯ ಈ ಭಾಗದಲ್ಲಿ, ಅಂದರೆ 1997ರಲ್ಲಿ ಕೊಪ್ಪಳ ಜಿಲ್ಲೆಯಾದ ನಮ್ಮ ಕಡೆಯ ಹಳ್ಳಿಗಳಲ್ಲಿ, ಇದು ಮನೆಮನೆಯ ಸಂಕಟವಾಗಿತ್ತು. ನಾರುಹುಣ್ಣನ್ನು ನಿರ್ಮೂಲ ಮಾಡುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 1983-84ರಲ್ಲಿ. ಆರೋಗ್ಯ ಇಲಾಖೆಯವರು ಬಂದು ಬಾವಿಗೆ ಔಷಧ ಹಾಕುತ್ತಿದ್ದದ್ದು, ಕೊಡದ ಬಾಯಿಗೆ ಕಟ್ಟಲು ಬಟ್ಟೆ ಹಂಚುತ್ತಿದ್ದದ್ದು ನನಗೆ ಮಸುಕಾಗಿ ನೆನಪಿದೆ. ದೇಶದ ಕೊನೆಯ ರೋಗಿ ರಾಜಸ್ಥಾನದಲ್ಲಿ 1996ರ ಜುಲೈನಲ್ಲಿ ಕಂಡುಬಂದದ್ದು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣಿನಿಂದ ಮುಕ್ತವಾದ ದೇಶ ಎಂದು ದೃಢೀಕರಿಸಿತು. ಈ ಗೆಲುವು ಆರೋಗ್ಯ ಇಲಾಖೆಯ ವರದಿಗಳಲ್ಲಿ ದಾಖಲಾಗಿದೆ. ಅದೇ ಗೆಲುವಿನಲ್ಲಿ ನಮ್ಮ ದಿಬ್ಬದ ಮೇಲಿನ ಆರು ಕಂಬಗಳಿಗೂ ಪಾಲಿದೆ. ಜನ ಬಾವಿಗೆ ಇಳಿಯುವುದನ್ನು ನಿಲ್ಲಿಸಿದ್ದು ನಲ್ಲಿ ಬಂದ ಮೇಲೆ.

ನಲ್ಲಿಗೆ ಮುಂಚೆ ಬೋರಿಂಗ್ ಬಂತು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರನ್ನು ಜನ ‘ನೀರ್ ಸಾಬ್’ ಎಂದು ಕರೆದದ್ದು ಬರಿಯ ಪ್ರೀತಿಗಾಗಿ ಅಲ್ಲ. ಬರಗಾಲದ ಆ ವರ್ಷಗಳಲ್ಲಿ ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸುವುದನ್ನು ಅವರು ಹಟ ಹಿಡಿದು ಮಾಡಿಸಿದರು. 1987ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದು, ಊರಿನ ನೀರಿನ ಮಾತನ್ನು ಊರಿನವರೇ ಆಡುವ ಸಭೆ ಹುಟ್ಟಿದ್ದೂ ಅವರ ಕಾಲದಲ್ಲಿ. ಮರುವರ್ಷವೇ ಅವರು ತೀರಿಕೊಂಡರು. ನಮ್ಮ ಅಗಸಿಯ ಹತ್ತಿರದ ಕೈಪಂಪು ಆ ಕಾಲದ್ದು. ಆದರೆ ಅದರ ನೀರು ಸವಳು, ಬೇಳೆ ಬೇಯುತ್ತಿರಲಿಲ್ಲ, ಸಾಬೂನು ನೊರೆ ಬಿಡುತ್ತಿರಲಿಲ್ಲ. ಹಾಗಾಗಿ ದನಗಳಿಗೆ, ಬಟ್ಟೆಗೆ ಬೋರಿಂಗ್ ನೀರು, ಕುಡಿಯಲು ಮತ್ತೆ ಮೆಟ್ಟಿಲ ಬಾವಿ ಎಂದಾಗಿತ್ತು.

ಟ್ಯಾಂಕ್ ಕಟ್ಟಿದ್ದು 1989ರಲ್ಲಿ. ನಾನು ನಾಲ್ಕನೇ ತರಗತಿಯಲ್ಲಿದ್ದೆ, ಆದ್ದರಿಂದ ವರ್ಷದ ಬಗ್ಗೆ ನನಗೆ ಅನುಮಾನವಿಲ್ಲ. ದಿಬ್ಬದ ಮೇಲೆ ಗುಂಡಿ ತೋಡಿದ್ದು, ಬಿದಿರಿನ ಸಾರವೆ ಕಟ್ಟಿದ್ದು, ಸೆಂಟ್ರಿಂಗಿನ ಹಲಗೆ ಏರಿಸಿದ್ದು ಎಲ್ಲವನ್ನೂ ಶಾಲೆಯ ಕಿಟಕಿಯಿಂದ ನೋಡಿದವರು ನಾವು. ಕೆಲಸಕ್ಕೆ ಬಂದ ಕುಟುಂಬಗಳು ಗುಡಿಯ ಹಿಂದೆ ಗುಡಿಸಲು ಹಾಕಿಕೊಂಡಿದ್ದವು. ಕಾಂಕ್ರೀಟು ತುಂಬಿದ ಬಾಣಲೆಯನ್ನು ತಲೆಯ ಮೇಲಿಟ್ಟುಕೊಂಡು ಹೆಂಗಸರು ಸಾರವೆ ಹತ್ತುತ್ತಿದ್ದರು, ಒಬ್ಬಳ ಕೈಯಿಂದ ಒಬ್ಬಳಿಗೆ, ಮೂವತ್ತು ಅಡಿ ಮೇಲಕ್ಕೆ. ಅವರ ಮಕ್ಕಳನ್ನು ನಮ್ಮ ಶಾಲೆಯ ಜಗುಲಿಯಲ್ಲಿ ಜೋಲಿ ಕಟ್ಟಿ ಮಲಗಿಸುತ್ತಿದ್ದರು. ಅವರಲ್ಲಿ ಒಬ್ಬರ ಹೆಸರೂ ನಮಗೆ ಗೊತ್ತಿಲ್ಲ. ಕಾಂಕ್ರೀಟು ಒಣಗಿ ಬಿರಿಯದಿರಲೆಂದು ಗೋಣಿಚೀಲ ಹೊದಿಸಿ ವಾರಗಟ್ಟಲೆ ನೀರು ಉಣಿಸಬೇಕಿತ್ತು. ಆ ನೀರು ಬಂದದ್ದು ಮೆಟ್ಟಿಲ ಬಾವಿಯಿಂದ, ನಮ್ಮೂರಿನ ಬಂಡಿಗಳಲ್ಲಿ, ಪೀಪಾಯಿಯಲ್ಲಿ. ಊರವರು ಬಾಡಿಗೆ ತೆಗೆದುಕೊಳ್ಳದೆ ಸರದಿಯ ಮೇಲೆ ಬಂಡಿ ಕಟ್ಟಿದರು. ಇದನ್ನು ಹೇಳಬಲ್ಲ ಇಬ್ಬರು ಹಿರಿಯರು ಇನ್ನೂ ಇದ್ದಾರೆ. ಇಬ್ಬರಿಗೂ ಎಂಬತ್ತು ದಾಟಿದೆ.

ಕಟ್ಟಿ ಮುಗಿದ ಮೇಲೆ ಟ್ಯಾಂಕನ್ನು ತುಂಬಿಸಿ ಹಾಗೇ ಬಿಟ್ಟು ಸೋರುತ್ತದೆಯೇ ಎಂದು ಪರೀಕ್ಷೆ ಮಾಡಿದರು. ಏಳು ದಿನ. ಆ ಏಳು ದಿನವೂ ಊರಿನ ಗಂಡಸರು ಸಂಜೆ ದಿಬ್ಬಕ್ಕೆ ಹೋಗಿ ಅದರ ಹೊಟ್ಟೆಯ ಕೆಳಗೆ ಕತ್ತೆತ್ತಿ ನಿಂತು ಬರುತ್ತಿದ್ದರು. ಒಂದು ಕಡೆ ಅಂಗೈ ಅಗಲದಷ್ಟು ತೇವ ಕಂಡಿತ್ತು. ಮೂರನೆಯ ದಿನ ಅದು ತಾನಾಗಿಯೇ ಒಣಗಿತು. ಸಂತೆಯಲ್ಲಿ ಅದೇ ಮಾತು.

ನಂತರ ನಲ್ಲಿಗೆ ನೀರು ಬಿಟ್ಟ ದಿನ. ಮೊದಲು ಬಂದದ್ದು ಗಾಳಿ, ಬುಸುಗುಟ್ಟುವ ಸದ್ದು. ಆಮೇಲೆ ಕೆಂಪು ನೀರು, ಪೈಪಿನ ಮಣ್ಣು. ಸ್ವಲ್ಪ ಹೊತ್ತಿಗೆ ತಿಳಿಯಾಯಿತು. ಅಜ್ಜಿ ಮೊದಲ ಕೊಡಕ್ಕೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಒಂದು ಬೊಗಸೆ ಕುಡಿದು, ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ‘ಬಗ್ಗಬೇಕಾಗಿಲ್ಲ’ ಎಂದಳು ಕೊನೆಗೆ. ಎತ್ತರದ ಟ್ಯಾಂಕು ಮಾಡುವ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ನಾನು ಯಾವ ಪುಸ್ತಕದಲ್ಲಿಯೂ ಓದಿಲ್ಲ. ನೀರನ್ನು ಹತ್ತು ಮೀಟರ್ ಎತ್ತರದಲ್ಲಿ ನಿಲ್ಲಿಸಿದರೆ ಕೆಳಗಿನ ಪೈಪಿನಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ ಹುಟ್ಟುತ್ತದೆ, ಆ ಒತ್ತಡವೇ ನೀರನ್ನು ಓಣಿ ಓಣಿಗೆ ನೂಕುತ್ತದೆ ಎಂದು ನಾನು ಮಕ್ಕಳಿಗೆ ಪಾಠ ಹೇಳುತ್ತೇನೆ. ಪಾಠ ಹೇಳುವಾಗ ಕಣ್ಣ ಮುಂದೆ ಬರುವುದು ಬಗ್ಗದೆ ನಿಂತು ಕೊಡ ತುಂಬಿಸಿಕೊಳ್ಳುತ್ತಿದ್ದ ಅಜ್ಜಿ.

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ. ಇದನ್ನು ಬಿಟ್ಟು ಬರೆದರೆ ಅದು ಚರಿತ್ರೆಯಲ್ಲ.

ಮೆಟ್ಟಿಲ ಬಾವಿ ಇಡೀ ಊರಿನದು ಎಂದು ಮೇಲೆ ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ಕೇರಿಯವರಿಗೆ ಆ ಬಾವಿಯ ಮೆಟ್ಟಿಲು ಇಳಿಯಲು ಬಿಡುತ್ತಿರಲಿಲ್ಲ. ಅವರು ಹಳ್ಳದ ಮರಳಿನಲ್ಲಿ ಒರತೆ ತೋಡಿಕೊಳ್ಳುತ್ತಿದ್ದರು, ಇಲ್ಲವೇ ಬಾವಿಯ ಕಟ್ಟೆಯ ಹೊರಗೆ ಕೊಡವಿಟ್ಟುಕೊಂಡು ಯಾರಾದರೂ ಮೇಲಿನಿಂದ ಸುರಿಯಲಿ ಎಂದು ಕಾಯುತ್ತಿದ್ದರು. ದಲಿತರು ಮುಟ್ಟಬಾರದೆಂದು ತಡೆದಿದ್ದ, ಮಹಾರಾಷ್ಟ್ರದ ಮಹಾಡದ ಚವದಾರ ಕೆರೆಯ ನೀರನ್ನು ಡಾ. ಅಂಬೇಡ್ಕರ್ ಮುಟ್ಟಿ ಕುಡಿದದ್ದು 1927ರ ಮಾರ್ಚ್ 20ರಂದು. ಬಾವಿ, ಕೆರೆ, ಸ್ನಾನಘಟ್ಟಗಳನ್ನು ಯಾರಿಗೂ ನಿರಾಕರಿಸುವಂತಿಲ್ಲ ಎಂದು ಸಂವಿಧಾನದ 15ನೇ ವಿಧಿ ಹೇಳಿದ್ದು 1950ರಲ್ಲಿ. ನಮ್ಮೂರಿನಲ್ಲಿ ಕೇರಿಯ ಹೆಂಗಸರು ಕಾಯುತ್ತ ಕುಳಿತಿದ್ದದ್ದು 1989ರಲ್ಲಿಯೂ.

ಟ್ಯಾಂಕು ಬಂದಾಗ ಮೊದಲ ಬಾರಿಗೆ ಎಲ್ಲರ ನೀರು ಒಂದೇ ಕಡೆ ಸೇರಿತು. ಮೇಲೆ ಕಟ್ಟೆ ಇಲ್ಲ, ಮೆಟ್ಟಿಲಿಲ್ಲ, ಮುಟ್ಟಬೇಡ ಎನ್ನಲು ಅಲ್ಲಿ ಯಾರೂ ಇಲ್ಲ. ಆದರೆ ಪೈಪು ನೆಲದ ಮೇಲೆ ಹರಿಯುತ್ತದೆ, ನೆಲದ ಮೇಲೆ ನಾವಿದ್ದೆವು. ಮೊದಲ ನಲ್ಲಿಗಳು ಮೇಲಿನ ಓಣಿಗಳಲ್ಲಿ ಬಂದವು. ಕೇರಿಗೆ ಪೈಪು ಹೋದದ್ದು ನಾಲ್ಕು ವರ್ಷದ ನಂತರ, ಅದೂ ಅದೇ ಸಾಲಿನ ಕೊನೆಗೆ ಜೋಡಿಸಿದ ಬಾಲದಂತೆ. ಮೇಲಿನ ನಲ್ಲಿಗಳೆಲ್ಲ ತೆರೆದಿರುವಾಗ ಸಾಲಿನ ಕೊನೆಯಲ್ಲಿ ಒತ್ತಡ ಸತ್ತುಹೋಗುತ್ತದೆ. ಕೇರಿಯ ನಲ್ಲಿಯಲ್ಲಿ ದಾರದಂತೆ ನೀರು. ನಮ್ಮ ಓಣಿಯಲ್ಲಿ ಕೊಡ ತುಂಬಿ ಹರಿದು ಚರಂಡಿಗೆ ಹೋಗುತ್ತಿದ್ದ ಹೊತ್ತಿನಲ್ಲಿ ಅಲ್ಲಿ ಒಂದು ಕೊಡಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ನನ್ನ ತರಗತಿಯ ಗೆಳತಿಯೊಬ್ಬಳು ಬೆಳಗಿನ ಪಾಳಿಗೆ ನಿಲ್ಲಬೇಕಾಗಿ ಶಾಲೆಗೆ ತಡವಾಗಿ ಬರುತ್ತಿದ್ದಳು, ಆಮೇಲೆ ವಾರಕ್ಕೆ ಎರಡು ದಿನ ಬರುತ್ತಿದ್ದಳು, ಕೊನೆಗೆ ಬರುವುದನ್ನೇ ಬಿಟ್ಟಳು. ಅವಳು ನನಗಿಂತ ಲೆಕ್ಕದಲ್ಲಿ ಮುಂದಿದ್ದಳು. ನಾನು ಶಿಕ್ಷಕಿಯಾದೆ.

ಕೇರಿಯ ಹುಡುಗರು ಎರಡು ವರ್ಷ ಅರ್ಜಿ ಕೊಟ್ಟು, ಒಮ್ಮೆ ಖಾಲಿ ಕೊಡಗಳನ್ನು ಟ್ಯಾಂಕಿನ ಬುಡದಲ್ಲಿ ಸಾಲಾಗಿಟ್ಟು ಇಡೀ ದಿನ ಕುಳಿತ ಮೇಲೆ, ಟ್ಯಾಂಕಿನಿಂದಲೇ ಬೇರೆ ಪೈಪು ಎಳೆದು ಬೇರೆ ವಾಲ್ವ್ ಹಾಕಿದರು. ಆ ವಾಲ್ವ್ ಇಂದಿಗೂ ದಿಬ್ಬದ ಎಡಮಗ್ಗುಲಲ್ಲಿ ಕಲ್ಲಿನ ಗುಂಡಿಯೊಳಗೆ ಇದೆ. ನನ್ನ ಪ್ರಕಾರ ಟ್ಯಾಂಕಿನ ಸುತ್ತ ಇರುವ ವಸ್ತುಗಳಲ್ಲಿ ಅದಕ್ಕಿಂತ ಬೆಲೆಯುಳ್ಳದ್ದು ಇನ್ನೊಂದಿಲ್ಲ. ಹಳೆಯ ಕಬ್ಬಿಣವೆಂದು ಅದನ್ನು ತೂಕಕ್ಕೆ ಹಾಕಬೇಡಿ.

ನೀರು ಬಿಡುತ್ತಿದ್ದ ವಾಟರ್‌ಮನ್ ಅಣ್ಣನ ಬಗ್ಗೆಯೂ ಬರೆಯಬೇಕು. ಇಪ್ಪತ್ತೆಂಟು ವರ್ಷ ಆ ಕೆಲಸ ಮಾಡಿದವರು. ಮೋಟರಿಗೆ ಬೇಕಾದ ತ್ರೀಫೇಸ್ ಕರೆಂಟು ಯಾವ ಹೊತ್ತಿಗೆ ಬರುತ್ತದೋ ಆ ಹೊತ್ತಿಗೆ ಅವರ ಬೆಳಗಾಗುತ್ತಿತ್ತು. ರಾತ್ರಿ ಎರಡಕ್ಕೆ ಬಂದರೆ ಎರಡಕ್ಕೆ. ಬ್ಯಾಟರಿ ಹಿಡಿದು ಹೊಲದ ದಾರಿಯಲ್ಲಿ ಕೊಳವೆಬಾವಿಗೆ ಹೋಗಿ ಮೋಟರು ಹಾಕಿ, ದಿಬ್ಬಕ್ಕೆ ಬಂದು, ನೀರು ಏರುವ ಕೊಳವೆಗೆ ಕಿವಿಗೊಟ್ಟು ಎಷ್ಟು ತುಂಬಿದೆ ಎಂದು ಹೇಳಬಲ್ಲವರಾಗಿದ್ದರು. ಮಟ್ಟ ತೋರಿಸುವ ಸೂಚಕ ಹಾಳಾಗಿ ಎಷ್ಟೋ ವರ್ಷವಾಗಿತ್ತು. ತುಂಬಿದ ಟ್ಯಾಂಕಿಗೆ ಮುನ್ನೂರು ನಾನ್ನೂರು ಗ್ರಾಂ ಬ್ಲೀಚಿಂಗ್ ಪುಡಿಯನ್ನು ಬಕೆಟಿನಲ್ಲಿ ಕದಡಿ, ತಿಳಿಯನ್ನು ಮಾತ್ರ ಸುರಿಯಲು ಆ ಕಬ್ಬಿಣದ ಏಣಿ ಹತ್ತುತ್ತಿದ್ದರು. ಟ್ಯಾಂಕಿನ ಹೊಟ್ಟೆಗೆ ಹೆಜ್ಜೇನು ಕಟ್ಟುವ ತಿಂಗಳುಗಳಲ್ಲಿ ಕಂಬಳಿ ಹೊದ್ದು ಹತ್ತುತ್ತಿದ್ದರು. ಎಷ್ಟು ಸಲ ತಿಂಗಳ ಸಂಬಳ ಮೂರು ತಿಂಗಳಿಗೆ ಬಂದಿತೋ ಅದೂ ಅವರಿಗೆ ನೆನಪಿದೆ. ಈಗ ಅವರಿಗೆ ಮಂಡಿನೋವು, ಏಣಿ ಹತ್ತಲಾರರು. ಆದರೆ ಯಾವ ಪೈಪು ಎಲ್ಲಿ ಹೂತಿದೆ, ಯಾವ ಜೋಡಣೆ ಯಾವ ವರ್ಷ ಒಡೆಯಿತು ಎಂಬ ನಕ್ಷೆ ಪಂಚಾಯಿತಿಯ ಯಾವ ಕಡತದಲ್ಲಿಯೂ ಇಲ್ಲ, ಅವರ ತಲೆಯಲ್ಲಿದೆ.

ಇನ್ನೊಂದು ಸತ್ಯ. ಇದನ್ನು ಬರೆಯುವಾಗ ಕೈ ನಡುಗುತ್ತದೆ, ಯಾಕೆಂದರೆ ಆ ಟ್ಯಾಂಕನ್ನು ನಾನು ಪ್ರೀತಿಸುತ್ತೇನೆ.

ನನ್ನ ಹಲ್ಲು ಬಿಳಿಯಾಗಿದೆ. ನನಗಿಂತ ಏಳು ವರ್ಷ ಚಿಕ್ಕವನಾದ ತಮ್ಮನ ಹಲ್ಲಿನ ಮೇಲೆ ಕಂದು ಗೆರೆಗಳಿವೆ. ನಮ್ಮ ಊರಿನಲ್ಲಿ ಸುಮ್ಮನೆ ಹಲ್ಲು ನೋಡಿ ಯಾರು ಟ್ಯಾಂಕಿಗೆ ಮುಂಚಿನವರು, ಯಾರು ಆಮೇಲಿನವರು ಎಂದು ಹೇಳಬಹುದು. ಶಾಶ್ವತ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಫ್ಲೋರೈಡ್ ಹೆಚ್ಚಾದ ನೀರು ಕುಡಿದರೆ ಆ ಕಲೆ ಮೂಡುತ್ತದೆ, ಮತ್ತೆ ಹೋಗುವುದಿಲ್ಲ. ವರ್ಷಗಟ್ಟಲೆ ಕುಡಿದರೆ ಎಲುಬು, ಕೀಲುಗಳಿಗೂ ಇಳಿಯುತ್ತದೆ. ಒಂದು ಲೀಟರಿನಲ್ಲಿ ಫ್ಲೋರೈಡ್ 1.5 ಮಿಲಿಗ್ರಾಂ ಮೀರಬಾರದು ಎಂದು ಭಾರತೀಯ ಮಾನಕ ಹೇಳುತ್ತದೆ. ನಮ್ಮ ಟ್ಯಾಂಕಿಗೆ ನೀರು ಕೊಡುತ್ತಿದ್ದ ಕೊಳವೆಬಾವಿಯ ನೀರು ಸಿಹಿಯಾಗಿತ್ತು, ಬೇಳೆ ಬೇಗ ಬೇಯುತ್ತಿತ್ತು, ಅದಕ್ಕಾಗಿಯೇ ಎಲ್ಲರೂ ಆ ನೀರನ್ನು ಮೆಚ್ಚಿದೆವು. ಸುಣ್ಣದ ಅಂಶ ಕಡಿಮೆ ಇರುವ ಅಂಥ ಮೆದು ನೀರಿನಲ್ಲಿಯೇ, ನಮ್ಮ ಕಡೆಯ ಗ್ರಾನೈಟ್ ಬಂಡೆಗಳಿಂದ ಕರಗಿದ ಫ್ಲೋರೈಡ್ ಹೆಚ್ಚಾಗಿ ಇರುತ್ತದೆ ಎಂದು ನಾನು ಓದಿ ತಿಳಿದದ್ದು ಬಹಳ ವರ್ಷದ ನಂತರ. ಅದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ, ಕುದಿಸಿದರೆ ಹೋಗುವುದಿಲ್ಲ. ಅಮ್ಮ ತಮ್ಮನಿಗೆ ಕಾಯಿಸಿ ಆರಿಸಿದ ನೀರನ್ನೇ ಕುಡಿಸುತ್ತಿದ್ದಳು. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಫ್ಲೋರೈಡ್ ಗಟ್ಟಿಯಾಗುತ್ತದೆ ಎಂಬುದನ್ನು ಅವಳಿಗೆ ಹೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ.

ಹೀಗೆ, ಅಜ್ಜಿಯ ಕಾಲಿನಿಂದ ಹುಳುವನ್ನು ದೂರ ಮಾಡಿದ ಟ್ಯಾಂಕೇ ಮೊಮ್ಮಗನ ಹಲ್ಲಿಗೆ ಕಲೆ ಕೊಟ್ಟಿತು. ತಪ್ಪು ಕಾಂಕ್ರೀಟಿನದಲ್ಲ. ನೀರು ಸಿಕ್ಕಿತೇ ಎಂದು ಎಲ್ಲರೂ ಕೇಳಿದೆವು, ಎಂಥ ನೀರು ಎಂದು ಕೇಳಲು ತಡಮಾಡಿದೆವು. ಪರೀಕ್ಷೆಯ ವರದಿ ಬಂದು ಕೊಳವೆಬಾವಿಯ ಕಟ್ಟೆಗೆ ಕೆಂಪು ಬಣ್ಣ ಬಳಿದ ಮೇಲೂ, ಬೇರೆ ನೀರಿಲ್ಲದ್ದರಿಂದ, ಅದೇ ನೀರು ಎಷ್ಟೋ ತಿಂಗಳು ಟ್ಯಾಂಕಿಗೆ ಏರಿತು. ಶುದ್ಧ ನೀರಿನ ಘಟಕ ಬಂದು, ಐದು ರೂಪಾಯಿ ನಾಣ್ಯ ಹಾಕಿ ಇಪ್ಪತ್ತು ಲೀಟರ್ ಕ್ಯಾನ್ ತುಂಬಿಸಿಕೊಳ್ಳುವ ಕಾಲ ಆಮೇಲಿನದು.

ಕೊಳವೆಬಾವಿಗಳ ಆಳವೂ ಎಲ್ಲಿಯೂ ದಾಖಲಾಗಿಲ್ಲ. ವಾಟರ್‌ಮನ್ ಅಣ್ಣ ಹೇಳುವಂತೆ ಮೊದಲನೆಯದರಲ್ಲಿ 160 ಅಡಿಗೆ ನೀರು. 2001ರಿಂದ ಸಾಲಾಗಿ ಮೂರು ವರ್ಷ ಬಂದ ಬರದಲ್ಲಿ ಅದು ಬತ್ತಿದಾಗ ಎರಡನೆಯದನ್ನು 320 ಅಡಿಗೆ ಇಳಿಸಿದರು. 2016ರ ಬರದಲ್ಲಿ ಮೂರನೆಯದು 600 ಅಡಿ ದಾಟಿತು. ಟ್ಯಾಂಕಿನ ಎತ್ತರ ಒಂದು ಅಡಿಯೂ ಬದಲಾಗಲಿಲ್ಲ, ಅದರ ಕೆಳಗೆ ನೀರು ಇಳಿಯುತ್ತಲೇ ಹೋಯಿತು. ಈಗ ಬಹುಗ್ರಾಮ ಯೋಜನೆಯಲ್ಲಿ ದೂರದ ನದಿಯ ನೀರು ಪೈಪಿನಲ್ಲಿ ಬರುತ್ತದೆ. 2019ರಲ್ಲಿ ಘೋಷಣೆಯಾದ ಜಲಜೀವನ್ ಮಿಷನ್, ನಮ್ಮ ರಾಜ್ಯದ ‘ಮನೆ ಮನೆಗೆ ಗಂಗೆ’, ತಲೆಗೆ ದಿನಕ್ಕೆ 55 ಲೀಟರ್ ಎನ್ನುತ್ತದೆ. ನಮ್ಮ ಟ್ಯಾಂಕಿನ ಕಾಲದಲ್ಲಿ ಸರ್ಕಾರದ ಲೆಕ್ಕ 40 ಲೀಟರ್ ಇತ್ತು. ಹೊಸ ಟ್ಯಾಂಕು ದೊಡ್ಡದು, ಮನೆಮನೆಗೆ ನಲ್ಲಿ ಬಂದಿದೆ, ಅಮ್ಮ ಅಂಗಳ ದಾಟುವುದಿಲ್ಲ. ಇದಕ್ಕೆ ಕಾರಣರಾದ ಎಲ್ಲರಿಗೂ ನಾನು ಮನಸಾರೆ ವಂದಿಸುತ್ತೇನೆ. ಹೊಸದರ ಪುಟವೂ ಮೂವತ್ತು ವರ್ಷದ ನಂತರ ಖಾಲಿಯಾಗಿರಬಾರದು ಎಂಬ ಆಸೆಯೂ ಈ ಪತ್ರದಲ್ಲಿದೆ.

ಬೆಂಗಳೂರಿನ ನೀರಿಗೆ ಚರಿತ್ರೆಯಿದೆ. ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟದ ಜಲಾಶಯ ಎದ್ದದ್ದು 1894ರಲ್ಲಿ, ಅಲ್ಲಿಂದ ನೀರು ಸೋಲದೇವನಹಳ್ಳಿಯ ಪಂಪುಮನೆಗೆ ಹರಿದು, ಉಗಿಯಂತ್ರಗಳ ಬಲದಿಂದ ನಗರಕ್ಕೆ ಏರಿ, 1896ರಲ್ಲಿ ನಲ್ಲಿಗೆ ಬಂತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಹೆಸರು, ಮಹಾರಾಜರ ಹೆಸರು, ಎಂಜಿನಿಯರ್ ಹೆಸರು ಎಲ್ಲವೂ ದಾಖಲೆಯಲ್ಲಿದೆ. ಕೋಲ್ಕತ್ತದ ಟಾಲಾ ಟ್ಯಾಂಕು 1911ರಿಂದ ಇಂದಿನವರೆಗೆ ಆ ನಗರಕ್ಕೆ ನೀರು ಕೊಡುತ್ತಿದೆ, ಅದರ ಉಕ್ಕಿನ ಕಂಬಗಳ ಲೆಕ್ಕವೂ ಬರೆದಿಟ್ಟಿದ್ದಾರೆ. ನಮ್ಮ ಹಳ್ಳಿಯ ನೀರಿನ ಬದುಕೇನು ಅದಕ್ಕಿಂತ ಸಣ್ಣದೇ? ನಾರುಹುಣ್ಣು, ಬೋರಿಂಗ್, ಟ್ಯಾಂಕು, ಕೇರಿಯ ವಾಲ್ವ್, ಹಲ್ಲಿನ ಕಲೆ, 600 ಅಡಿ ಆಳ: ಒಂದು ತಲೆಮಾರಿನಲ್ಲಿ ನಾವು ಇಷ್ಟನ್ನೆಲ್ಲ ದಾಟಿ ಬಂದಿದ್ದೇವೆ. ಕರ್ನಾಟಕದ ಸಾವಿರಾರು ಊರುಗಳಲ್ಲಿ ಇಂಥದೇ ಟ್ಯಾಂಕುಗಳನ್ನು ಈಗ ಒಂದೊಂದಾಗಿ ಕೆಡವುತ್ತಿದ್ದಾರೆ.

ಆದ್ದರಿಂದ ಕೇಳುತ್ತೇನೆ. ಕೆಡವುವ ಮೊದಲು ಒಂದು ಗ್ರಾಮಸಭೆ ಕರೆಯಿರಿ, ಟ್ಯಾಂಕಿನ ಮಾತಿಗೆಂದೇ. ಬಂಡಿ ಕಟ್ಟಿದ ಹಿರಿಯರು, ವಾಟರ್‌ಮನ್ ಅಣ್ಣ, ಟ್ಯಾಂಕಿನ ಬುಡದಲ್ಲಿ ಕುಳಿತ ಕೇರಿಯವರು, ಪಾಳಿಗೆ ನಿಂತ ಹೆಂಗಸರು ಮಾತಾಡಲಿ, ಅದನ್ನು ಯಾರಾದರೂ ಬರೆದುಕೊಳ್ಳಲಿ. ಹೆಂಗಸರಿಗೆ ಮೊದಲು ಮಾತಾಡಲು ಬಿಡಿ, ನೀರಿನ ಲೆಕ್ಕ ಅವರ ಬಳಿ ಇದೆ. ಬರೆದುಕೊಳ್ಳುವ ಕೆಲಸಕ್ಕೆ ನಮ್ಮ ಶಾಲೆಯ ದೊಡ್ಡ ಮಕ್ಕಳಿದ್ದಾರೆ, ನಾನೂ ರಜೆ ಹಾಕಿ ಬರುತ್ತೇನೆ. ಕೊಳವೆಬಾವಿಗಳ ಆಳ, ನೀರಿನ ಪರೀಕ್ಷೆಯ ವರದಿಗಳು ತಾಲ್ಲೂಕು ಕಚೇರಿಗಳ ಕಡತಗಳಲ್ಲಿ ಇದ್ದರೆ ಪಂಚಾಯಿತಿಯೇ ಪತ್ರ ಬರೆದು ನಕಲು ತರಿಸಿಕೊಳ್ಳಲಿ. ಒಬ್ಬ ಹೆಣ್ಣುಮಗಳು ಅರ್ಜಿ ಹಿಡಿದು ಅಲೆದರೆ ಆಗದ ಕೆಲಸ ಪಂಚಾಯಿತಿಯ ಮೊಹರಿನಿಂದ ಆಗುತ್ತದೆ. ಕೇರಿಯ ವಾಲ್ವನ್ನು ಕಿತ್ತು ಶಾಲೆಗೆ ಕೊಡಿ. ಒಡೆದ ಮಣ್ಣನ್ನು ಮೆಟ್ಟಿಲ ಬಾವಿಗೆ ಸುರಿಯಬೇಡಿ, ಗುತ್ತಿಗೆದಾರರಿಗೆ ಅದೇ ಹತ್ತಿರದ ಗುಂಡಿಯಾಗಿ ಕಾಣುತ್ತದೆ. ಬಾವಿಗೂ ಇದೇ ಪುಸ್ತಕದಲ್ಲಿ ಒಂದು ಅಧ್ಯಾಯವಿದೆ.

ಕೊನೆಯದಾಗಿ ಆ ಕಲ್ಲು. ಟ್ಯಾಂಕಿನ ಉದ್ಘಾಟನೆಯ ದಿನ ಕಂಬಕ್ಕೆ ಒರಗಿಸಿ ಕಟ್ಟಿದ್ದ ಕರಿಕಲ್ಲಿನ ಫಲಕ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಕಟ್ಟೆ ಒಡೆದಾಗ ಅದು ಬಿತ್ತು. ಎಲ್ಲಿ ಹೋಯಿತೆಂದು ವರ್ಷಗಟ್ಟಲೆ ಯಾರೂ ಕೇಳಲಿಲ್ಲ. ಈ ಸಲ ಬಂದಾಗ ಅಮ್ಮ ಹೇಳಿದಳು, ಅಗಸಿಯ ಹಳೆಯ ನಲ್ಲಿಯ ಪಕ್ಕದಲ್ಲಿ ಎಲ್ಲರೂ ಬಟ್ಟೆ ಒಗೆಯುವ ಕಲ್ಲು ಅದೇ ಎಂದು. ಅಕ್ಷರಗಳಿರುವ ಮುಖ ಕೆಳಗಾಗಿ ಹಾಸಿದ್ದಾರಂತೆ. ಹಾಗಾದರೆ ಅಕ್ಷರಗಳು ಸವೆದಿರಲಾರವು. ರಿಜಿಸ್ಟರಿನ ಖಾಲಿ ಕಾಲಂಗಳಲ್ಲಿ ಒಂದನ್ನಾದರೂ ಅದು ತುಂಬಬಹುದು.

ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ನಾನು ಮತ್ತು ತಮ್ಮ ಹಾರೆ ತೆಗೆದುಕೊಂಡು ಅಲ್ಲಿರುತ್ತೇವೆ. ಕಲ್ಲು ಪಂಚಾಯಿತಿಯ ಆಸ್ತಿ, ನಿಮ್ಮ ಎದುರಿನಲ್ಲಿಯೇ ಮಗುಚುವುದು ಸರಿ. ದಯವಿಟ್ಟು ನಿಮ್ಮಲ್ಲಿ ಒಬ್ಬರಾದರೂ ರಿಜಿಸ್ಟರ್ ಹಿಡಿದುಕೊಂಡು ಬನ್ನಿ.

ಇತಿ,
ನಿಮ್ಮ ಊರಿನ ಮಗಳು